ಅಮಾವಾಸ್ಯೆಯ ದಿನದ ಮಗ್ಗ

"ಕ್ಯಾಮೆರಾ ಒಳಗ ತರಬ್ಯಾಡ್ರಿ. ನಿಮ್ಮ ಸಿನಿಮಾದಾಗ ನಾ ಇರಂಗಿಲ್ಲ."

ಬೆಟಗೇರಿಯ ಆ ಮನೆಯ ಬಾಗಿಲಿಗೆ ಅಡ್ಡ ನಿಂತು ಮಲ್ಲು ಹೇಳಿದ. ರೋಹಿಣಿ ಕ್ಯಾಮೆರಾ ಕೆಳಗಿಳಿಸಿದಳು. ಆದರೂ ಕಾಲು ಹಿಂದೆ ಸರಿಯಲಿಲ್ಲ. ಮುಂಡರಗಿಯ ಹುಡುಗಿ, ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ!

ನಾಲ್ಕು ತಿಂಗಳಿಂದ ಅವಳು 'ಲಾಳಿ' ಎಂಬ ರಾಕ್ ಬ್ಯಾಂಡ್ ಮತ್ತು ಅದು ಹುಟ್ಟಿದ ನೇಕಾರರ ಓಣಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಮಲ್ಲು ಅದರ ಡ್ರಮ್ಮರ್. ಅವನ ಕೈ ನೋಡುತ್ತ ನೋಡುತ್ತ ಮನಸ್ಸು ಯಾವಾಗ ಜಾರಿತೋ, ಅವಳಿಗೇ ಗೊತ್ತಿಲ್ಲ...

ಕಳೆದ ವಾರ ಚಿತ್ರ ತೋರಿಸಿದಾಗ ಅವನು ಅರ್ಧಕ್ಕೇ ಎದ್ದು ಹೋಗಿದ್ದ. ಈ ಮನೆಯಲ್ಲೇ ಚಿತ್ರೀಕರಿಸಿದ ಹಾಡಿನಲ್ಲಿ ಅವನ ತಾಯಿ ಯಮನವ್ವನ ಕೈಮಗ್ಗದ ಖಟಪಟ ಕೇಳುತ್ತಿತ್ತು. ಗದ್ದಲವೆಂದು ರೋಹಿಣಿ ಅದನ್ನು ಕಷ್ಟಪಟ್ಟು ಅಳಿಸಿದ್ದಳು. ಮೆಚ್ಚುಗೆಗೆ ಬೇರೆ ಕಾಯುತ್ತಿದ್ದಳು, ಪಾಪ!

ಊರಿಗೆ ಹೋಗಿ ಮೂಲ ಹಾಡನ್ನೂ ಮಗ್ಗದ ಸದ್ದು ಅಳಿಸಿದ ಹಾಡನ್ನೂ ಮತ್ತೆ ಮತ್ತೆ ಕೇಳಿದಾಗ ತಿಳಿಯಿತು. ಮಗ್ಗ ಬಡಿಯುವ ಕಡೆಯಲ್ಲೆಲ್ಲ ಅವನು ಡ್ರಮ್ ಬಾರಿಸದೆ ತಾಯಿಗೆ ಜಾಗ ಬಿಟ್ಟಿದ್ದ. ಅವಳು ಅಳಿಸಿದ್ದು ಅರ್ಧ ಹಾಡನ್ನು. ಅವತ್ತು ತುಂಬ ಅತ್ತಳು.

"ತಪ್ಪು ನಂದು," ಎಂದಳು ಈಗ. "ನಿಮ್ಮ ಅವ್ವಾರ ಮಗ್ಗದ ಸಪ್ಪಳಾನ ಹತ್ತಿರದಿಂದ ರೆಕಾರ್ಡ್ ಮಾಡಾಕ ಬಂದೀನಿ."

"ಇವತ್ತು ಅಮಾಸಿ. ನೇಕಾರ ಮನ್ಯಾಗ ಮಗ್ಗ ನಡಿಯಂಗಿಲ್ಲ. ನಾಕ ತಿಂಗಳಾದ್ರೂ ಇಷ್ಟೂ ಗೊತ್ತಾಗಲಿಲ್ಲೇನ್ರಿ?"

ಮಾತು ಚುಚ್ಚಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. 'ಇವನು ನನ್ನನ್ನು ಬೇಡವೆಂದರೂ ಸರಿ, ಈ ಹಾಡು ಪೂರ್ತಿ ಆಗಲೇಬೇಕು...' ನಾಳೆ ಬರುತ್ತೇನೆಂದು ಹೇಳಿ ಹೊರಟಳು.

ಮರುದಿನ ಮುಂಜಾನೆ ಆರಕ್ಕೇ ಕಟ್ಟೆಯ ಮೇಲೆ ಬಂದು ಕುಳಿತಿದ್ದಳು. ಯಮನವ್ವ ಅವಳನ್ನು ಒಳಗೆ ಕರೆದು, ಚಹಾ ಕೊಟ್ಟು, ಮಗ್ಗದ ಮುಂದೆ ಕುಳಿತಳು. ನೂಲಿನ ನಡುವೆ ಲಾಳಿ ಓಡತೊಡಗಿತು. ರೋಹಿಣಿ ಮೈಕ್ ಹಿಡಿದು ಉಸಿರು ಬಿಗಿಹಿಡಿದಳು.

ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಡ್ರಮ್ ಸೇರಿಕೊಂಡಿತು... ಮೊದಲು ಮೆಲ್ಲಗೆ, ಆಮೇಲೆ ತುಂಬು ಕೈಯಲ್ಲಿ. ಅವಳ ಕಣ್ಣು ತುಂಬಿ ಬಂತು.

ಹಾಡು ಮುಗಿದ ಮೇಲೆ ಮಲ್ಲು ಹೊರಗೆ ಬಂದ. ಚಿತ್ರದ ಕೊನೆಗೆ ಬರುವ ವಾದ್ಯಗಾರರ ಪಟ್ಟಿಯಲ್ಲಿ ಮೊದಲ ಹೆಸರು ಯಾರದೆಂದು ಕೇಳಿದ. ಯಮನವ್ವನದು ಎಂದಳು ರೋಹಿಣಿ. ಅವನು ತಾಯಿಯ ಕಡೆ ತಿರುಗಿ ನೋಡಿ ನಕ್ಕ.

"ಆತು, ಸಿನಿಮಾ ಮುಗಸ್ರಿ. ಮುಗದ ಮ್ಯಾಲೆ ಈ ಕಡೆ ಬರಂಗಿಲ್ಲೇನು?"

"ಬರೂ ಅಮಾಸಿಗೆ ಬರ್ತೀನಿ."

"ಅವತ್ತು ಮಗ್ಗ ನಡಿಯಂಗಿಲ್ಲಂತ ಹೇಳೀನಲ್ರಿ."

"ಗೊತ್ತೈತಿ. ಮಗ್ಗದ ಸಲುವಾಗಿ ಅಲ್ಲ... ನಿಮ್ಮ ಸಲುವಾಗಿ."

ಮಲ್ಲು ಕೈಯಲ್ಲಿದ್ದ ಡ್ರಮ್ ಕೋಲುಗಳನ್ನು ಕೆಳಗಿಟ್ಟ.

"ತಿಂಗಳತನಕ ನನಗ ಕಾಯಾಕ ಆಗಂಗಿಲ್ರಿ. ನಾಳಿಗೇ ಬರ್ರಿ."