ಜ್ಞಾನಸ್ನಾನದ ಹೆಸರು

“ಸ್ವಲ್ಪ ದಾರಿ ಬಿಡ್ತೀರಾ?”

ಈಸ್ಟರ್‌ಗೆ ವಾರ ಮುಂಚಿನ ಗರಿಗಳ ಭಾನುವಾರ. ಎಳೆಯ ತೆಂಗಿನ ಗರಿ ಹಿಡಿದು ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದ ಮಿನ್ಸಿ ಥಟ್ಟನೆ ನಿಂತಳು. ಎದುರಿಗೆ ಜೋಮೋನ್!

ಬಿಡ್ತೀರಾ…? ಈ ಬಹುವಚನ ಯಾವಾಗಿಂದ?

ಹೋದ ವರ್ಷ ತನ್ನೂರು ಪಾಲಾದಿಂದ ಕೇರಳದ ಹಿನ್ನೀರಿನ ಈ ಕುಟ್ಟನಾಡಿಗೆ ಬಂದು, ಸೋದರಮಾವನ ಮನೆಯಲ್ಲಿದ್ದುಕೊಂಡು ದೋಣಿಗಳ ಇಂಜಿನ್ ರಿಪೇರಿ ಮಾಡುವ ಹುಡುಗ. ಊರಿಗೆಲ್ಲ ಬರೀ ಜೋಮೋನ್. ಇಗರ್ಜಿಯ ಹಾಡುಗಾರರ ಸಾಲಿನಲ್ಲಿ ಅವಳ ಹಿಂದೆಯೇ ನಿಂತು, ಬೇಕೆಂದೇ ಶ್ರುತಿ ತಪ್ಪಿಸಿ ಅವಳನ್ನು ನಗಿಸುತ್ತಿದ್ದವನು. ಈಗ ಕೆಲವು ವಾರಗಳಿಂದ ಹಾಡೂ ಇಲ್ಲ, ನಗುವೂ ಇಲ್ಲ.

“ಏನಾಯ್ತು ಜೋಮೋನ್? ನಾನೇನು ತಪ್ಪು ಮಾಡ್ದೆ?”

“ತಪ್ಪಾ? ಛೆ ಛೆ! ಇಷ್ಟ ಇಲ್ಲ ಅನ್ನೋದು ತಪ್ಪಾಗುತ್ತಾ?” ಅವನ ತುಟಿ ನಕ್ಕಿತು, ಕಣ್ಣು ನಗಲಿಲ್ಲ. “ಈಸ್ಟರ್ ಮಾರನೇ ದಿನ ಪಾಲಾಗೆ ಹೋಗ್ತಿದೀನಿ. ಅಮ್ಮ ಹುಡುಗಿ ಗೊತ್ತು ಮಾಡಿದಾಳೆ, ನೋಡೋಕೆ. ಪ್ರಾರ್ಥನೆ ಮಾಡ್ಕೊಳ್ಳಿ.”

ಅವನು ಹೊರಟೇಹೋದ. ಮಿನ್ಸಿಯ ಕೈಯಲ್ಲಿದ್ದ ಗರಿ ಎರಡಾಗಿ ಸೀಳಿತ್ತು.

ಅವತ್ತು ಊಟ ಸೇರಲಿಲ್ಲ. ಅಪ್ಪನ ತಾಯಿ ಅಮ್ಮಚ್ಚಿಯ ಮಡಿಲಲ್ಲಿ ಮುಖ ಹುದುಗಿಸಿ ಗೋಳೋ ಎಂದು ಅತ್ತಳು.

“ದಿನಾ ಕೇಳ್ಕೊಂಡೆ ಅಮ್ಮಚ್ಚಿ, ‘ಕರ್ತನೇ, ಜೋಮೋನೇ ಬೇಕು’ ಅಂತ! ಅವನಿಗೋಸ್ಕರ ತಾನೇ ಚಿಕ್ಕಮ್ಮ ಫೋನಲ್ಲಿ ಹೇಳಿದ ಸಂಬಂಧ ಬೇಡ ಅಂದಿದ್ದು?”

“ಯಾವುದೇ ಅದು… ಆ ಪಾಲತ್ತಿಂಗಲ್ ಮನೆಯ ಕುರಿಯಾಕೋಸಾ?”

“ಹ್ಞೂ! ಕುರಿಯಾಕೋಸ್! ಆ ಹೆಸರಿಗೇ ಹೊಟ್ಟೆ ಬಂದು, ತಲೆ ಬೋಳಾಗಿದೆ! ಚಿಕ್ಕಮ್ಮ ಪೂರ್ತಿ ಹೇಳೋಕೂ ಬಿಡಲಿಲ್ಲ, ಫೋಟೋನೂ ಬೇಡ ಅಂದ್ಬಿಟ್ಟೆ.”

ಅಮ್ಮಚ್ಚಿ ಕಿಸಕ್ಕನೆ ನಕ್ಕಳು. “ನಿನ್ನ ಹೆಸರೇನು ಕಮ್ಮಿನಾ? ಏಲಿಯಮ್ಮ! ನನ್ನದೇ ಇಟ್ಟಿದ್ದು. ಇಗರ್ಜಿಯಲ್ಲಿ ಇಡೋ ಜ್ಞಾನಸ್ನಾನದ ಹೆಸರುಗಳೇ ಹಾಗೆ ಮಗಳೇ, ಮಕ್ಕಳು ಅಜ್ಜ-ಅಜ್ಜಿಯ ಚಪ್ಪಲಿ ಮೆಟ್ಟಿದ ಹಾಗೆ. ಕಾಲಿಗೆ ದೊಡ್ಡದೇ.”

“ನಂಗೆ ನಗು ಬರ್ತಿಲ್ಲ. ದೇವರು ಯಾಕೆ ಹೀಗೆ ಮಾಡ್ದ?”

ಅಮ್ಮಚ್ಚಿ ಅವಳ ಕೂದಲಲ್ಲಿ ಬೆರಳಾಡಿಸಿದಳು.

“ಒಬ್ಬಳಿದ್ದಳಂತೆ. ಸಂಜೆ ಹೊತ್ತು ದೋಣಿ ಹತ್ತೋ ಕಡವಿನಲ್ಲಿ ನಿಂತು ಅಣ್ಣನ ದೋಣಿಗೆ ಕಾಯ್ತಿದ್ದಳಂತೆ. ಕೆಂಪು ದೋಣಿಯೊಂದು ಬಂತು. ‘ನಮ್ಮಣ್ಣನ ದೋಣಿ ಹಸಿರು, ನೀನು ಮುಂದೆ ಹೋಗು’ ಅಂದಳಂತೆ. ಅಣ್ಣ ಅವತ್ತೇ ಹೊಸ ಬಣ್ಣ ಬಳಿದಿದ್ದ!”

“ಆಮೇಲೆ?”

“ಆಮೇಲೇನು? ಅಣ್ಣ ಅಲ್ವಾ… ಒಂದು ಸುತ್ತು ಹಾಕ್ಕೊಂಡು ಮತ್ತೆ ಬಂದ. ಒಳ್ಳೆಯವನು ತಂಗೀನ ಕಡವಿನಲ್ಲೇ ಬಿಟ್ಟು ಹೋಗ್ತಾನಾ?”

ಮಿನ್ಸಿಗೆ ಅರ್ಥವಾಗಲಿಲ್ಲ. ಆದರೂ ಅವತ್ತಿನ ಪ್ರಾರ್ಥನೆ ಬೇರೆಯಾಯಿತು. ‘ಕರ್ತನೇ, ನೀನು ಒಳ್ಳೆಯವನು ಅಂತ ಅಮ್ಮಚ್ಚಿ ಹೇಳ್ತಾಳೆ. ನಂಬ್ತೀನಿ. ಆದ್ರೆ… ಬೇಗ!’

ಪವಿತ್ರ ಗುರುವಾರ. ಕಾಲು ತೊಳೆಯುವ ವಿಧಿಗೆ ಪಾದ್ರಿಗಳು ಸೊಂಟಕ್ಕೆ ಟವೆಲು ಕಟ್ಟಿ ನಿಂತಿದ್ದರು. ಯೇಸುವಿನ ಶಿಷ್ಯರ ಲೆಕ್ಕಕ್ಕೆ ಹನ್ನೆರಡು ಮಂದಿಯನ್ನು ಒಬ್ಬೊಬ್ಬರಾಗಿ ಜ್ಞಾನಸ್ನಾನದ ಹೆಸರು ಹಿಡಿದು ಕರೆದರು.

“ಪಾಲತ್ತಿಂಗಲ್ ಕುರಿಯಾಕೋಸ್!”

ಮಿನ್ಸಿ ಕತ್ತೆತ್ತಿ ನೋಡಿದಳು. ಆ ಬೋಳುತಲೆಯವನು ಇಲ್ಲಿಗೂ ಬಂದನಾ?

ಎದ್ದು ನಿಂತವನು… ಜೋಮೋನ್!

ಪ್ಯಾಂಟು ಮಡಚಿಕೊಂಡು ಬಂದು ನಾಚಿ ಕುಳಿತ. ಹಿಮ್ಮಡಿಯ ತುಂಬ ಇಂಜಿನ್ ಎಣ್ಣೆಯ ಕಪ್ಪು.

“ಇದು ಬರೀ ನೀರಿಗೆ ಹೋಗಲ್ವಲ್ಲೋ ಮಗನೇ!” ಪಾದ್ರಿಗಳು ಪಿಸುಗುಟ್ಟಿದ್ದು ಮೈಕಿನಲ್ಲಿ ಕೇಳಿ, ಇಡೀ ಇಗರ್ಜಿ ನಕ್ಕಿತು. ಮಿನ್ಸಿಯೊಬ್ಬಳು ಅಳುತ್ತಿದ್ದಳು.

ಅಯ್ಯೋ! ಬೇಡಿದ್ದನ್ನೇ ಕಳಿಸಿದ್ದೆಯಲ್ಲ ಕರ್ತನೇ! ಬಣ್ಣ ನೋಡಿ ದೋಣಿ ವಾಪಸ್ ಕಳಿಸಿದೆನಲ್ಲ!

ಸಂಜೆ ಮನೆಯ ಒಲೆ ತಣ್ಣಗಿತ್ತು. ಮಳೆಗಾಲದಲ್ಲಿ ಅಜ್ಜ ತೀರಿಕೊಂಡಿದ್ದ. ಸಾವಾದ ಮನೆಯಲ್ಲಿ ಆ ವರ್ಷ ಪವಿತ್ರ ಗುರುವಾರ ರಾತ್ರಿ ಮುರಿಯುವ ಪೆಸಹಾ ರೊಟ್ಟಿ ಬೇಯಿಸುವಂತಿಲ್ಲ. ನೆರೆಯವರು ತಂದುಕೊಟ್ಟದ್ದನ್ನೇ ಮುರಿದು ಹಂಚಿಕೊಳ್ಳಬೇಕು.

ಬಾಗಿಲು ಸದ್ದಾಯಿತು. ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಜೋಮೋನ್ ನಿಂತಿದ್ದ. ರೊಟ್ಟಿಯ ಮೇಲೆ ಗರಿಯ ಪುಟ್ಟ ಶಿಲುಬೆ.

“ಅತ್ತೆ ಕಳಿಸಿದ್ರು. ಬರ್ತೀನಿ.”

“ನಿಲ್ಲಿ, ಕುರಿಯಾಕೋಸ್!”

ಅವನು ತಿರುಗಿದ.

“ಹೊಟ್ಟೆ ಎಲ್ಲಿ? ಬೋಳು ತಲೆ ಎಲ್ಲಿ?”

“ಏನು…?”

ಮಿನ್ಸಿ ಅಳುತ್ತ, ನಗುತ್ತ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಚಿಕ್ಕಮ್ಮನ ಫೋನು, ನೋಡದ ಫೋಟೋ, ಹಸಿರು ದೋಣಿ, ಕೆಂಪು ದೋಣಿ…

“ಅಂದ್ರೆ… ನೀನು ಬೇಡ ಅಂದಿದ್ದು ನನ್ನನ್ನಲ್ವಾ?”

“ನಿಮ್ಮನ್ನೇ! ನಿಮಗೋಸ್ಕರ!”

ಜೋಮೋನ್ ಹಣೆ ಚಚ್ಚಿಕೊಂಡು ನಕ್ಕ. “ಇಷ್ಟು ದಿನ ದೇವರ ಜೊತೆ ಟೂ ಬಿಟ್ಟಿದ್ದೆ ಕಣೇ! ಪಾಪ, ಅವನದೇನೂ ತಪ್ಪೇ ಇಲ್ಲ!”

“ಮತ್ತೆ ಪಾಲಾ…?”

“ಹೋಗ್ತೀನಿ. ‘ಅಮ್ಮಾ, ಹುಡುಗಿ ಸಿಕ್ಕಿದಾಳೆ’ ಅಂತ ಹೇಳೋಕೆ.”

ಮಿನ್ಸಿ ತಟ್ಟೆಗೆ ಕೈ ಚಾಚಿದಳು. ಅಜ್ಜ ಇದ್ದಿದ್ದರೆ ಒಲೆಯ ಮೇಲೆ ರೊಟ್ಟಿ ಇರುತ್ತಿತ್ತು. ಈ ಬಾಗಿಲಿಗೆ ಇವನು ಬರುತ್ತಿರಲಿಲ್ಲ. ನಮ್ಮ ತಣ್ಣನೆಯ ಒಲೆಯನ್ನೂ ವ್ಯರ್ಥ ಮಾಡಲಿಲ್ಲವಲ್ಲ, ಕರ್ತನೇ!

“ನನಗೂ ಒಂದು ಹೆಸರಿದೆ. ನಗಬಾರದು… ಏಲಿಯಮ್ಮ.”

ಅವನು ನಗಲಿಲ್ಲ. ತಟ್ಟೆಯ ಕೆಳಗೆ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದ.

“ಏಲಿಯಮ್ಮಾ… ನನ್ನ ಮದುವೆ ಆಗ್ತೀಯಾ?”

“ಈ ವಯಸ್ಸಲ್ಲಾ? ಆಗಲ್ಲಪ್ಪಾ!” ಒಳಗಿನಿಂದ ಅಮ್ಮಚ್ಚಿಯ ದನಿ. “ಚಿಕ್ಕ ಏಲಿಯಮ್ಮನ್ನ ಕೇಳು! ಲೇ, ಸುತ್ತು ಹಾಕ್ಕೊಂಡು ಮತ್ತೆ ಬಂದಿದೆ ದೋಣಿ, ಈ ಸಲವಾದ್ರೂ ಹತ್ತೇ!”

ಮಿನ್ಸಿಯ ಮುಖ ಕೆಂಪೇರಿತು. ಅಮ್ಮ ಅಪ್ಪನನ್ನು ಕರೆಯುವ ಮಾತು ಅವಳಿಗೇ ತಿಳಿಯದಂತೆ ತುಟಿಗೆ ಬಂತು.

“ಒಳಗೆ ಬನ್ನಿ… ಇಚ್ಚಾಯಾ.”

“ಏನಂದೆ? ಇನ್ನೊಂದ್ಸಲ ಹೇಳು.”

“ರೊಟ್ಟಿ ಆರ್ತಾ ಇದೆ ಅಂದೆ, ಇಚ್ಚಾಯಾ!”