ಕೈ ಜಾರಿದ ಪಟ್ಟಿ

ಬ್ಲಾಝೇಯ್ ಬಾಗಿಲಲ್ಲೇ ಬೂಟು ಕಳಚಿ, ಹೆಬ್ಬೆರಳು ಇಣುಕುವ ತನ್ನ ಹಳೆಯ ಬಟ್ಟೆ ಚಪ್ಪಲಿ ಮೆಟ್ಟಿಕೊಂಡು, ಪಿಂಗಾಣಿ ಪಟ್ಟಿಗಳನ್ನು ಉಜ್ಜುವ ಕೋಣೆಗೆ ಬಂದ. ಹೊರಗಿನ ದೂಳು ಒಳಗೆ ಬರಬಾರದೆಂದು ಒಟೀಲಿಯಾ ಮಾಡಿದ್ದ ನಿಯಮ ಅದು. ಕೊಶೀತ್ಸೆ ನಗರದ ಆ ಪ್ರಯೋಗಾಲಯದಲ್ಲಿ ಅದನ್ನು ಮರೆಯದವನು ಅವನೊಬ್ಬನೇ.

"ಹತ್ತು ಪಟ್ಟಿನೂ ಸಿದ್ಧವಾ?"

"ಹತ್ತೂ," ಎಂದಳು ಒಟೀಲಿಯಾ, ಮೇಜಿನಿಂದ ತಲೆ ಎತ್ತದೆ.

ಅವನು ನಿಂಬೆ ಹಿಂಡಿದ ಚಹಾವನ್ನೂ ಗಸಗಸೆ ತುಂಬಿದ ಸುರುಳಿ ರೊಟ್ಟಿಯನ್ನೂ ಅವಳ ಮುಂದಿಟ್ಟ. "ಅಮ್ಮ ಕೊಟ್ಟದ್ದು. ಮುಖ ಯಾಕೆ ಸುಣ್ಣ ಬಳಿದ ಹಾಗಿದೆ? ಪರೀಕ್ಷೆ ಇರೋದು ನನಗೆ ತಾನೇ?"

ಅವಳ ನೋಟ ಅವನ ಕಣ್ಣನ್ನು ಮುಟ್ಟಿ ಓಡಿಹೋಯಿತು.

"ಇವತ್ತು ಬಾಗಿಸೋಕೆ ಯಂತ್ರ ಬೇಡ ಅಂದಿದ್ದಾರೆ ಪ್ರೊಫೆಸರ್ ಹುಡಾಕ್. ಅತಿಥಿಗಳ ಎದುರಿಗೇ ಕೈಯಲ್ಲಿ ಬಾಗಿಸ್ತೀನಿ."

"ಮುಖಕ್ಕೆ ಕವಚ?"

"ನೀವು ಉಜ್ಜಿದ್ದಕ್ಕೆ ಕವಚ ಹಾಕ್ಕೊಂಡ್ರೆ ನಿಮಗೇ ಅವಮಾನ ಅಲ್ವಾ?" ನಗುತ್ತಾ ಪೆಟ್ಟಿಗೆ ಎತ್ತಿಕೊಂಡು ಹೋದ.

ಉಕ್ಕನ್ನೂ ಗೀರುವ ಪಿಂಗಾಣಿಯನ್ನು ಬೆತ್ತದಂತೆ ಬಾಗಿಸುವುದು ಅವನ ಆರು ವರ್ಷದ ಸಂಶೋಧನೆ. ಕಾಗದದಷ್ಟು ತೆಳುವಾದ ಆ ಪಟ್ಟಿ, ಅಂಚು ನುಣುಪಾಗಿದ್ದರೆ ಬಾಗುತ್ತದೆ; ಕಣ್ಣಿಗೆ ಕಾಣದ ಒಂದು ಗೀರಿದ್ದರೂ ಚೂರುಚೂರಾಗಿ ಸಿಡಿಯುತ್ತದೆ. ಅಂಚು ಉಜ್ಜುವುದು ಒಟೀಲಿಯಾಳ ಕೆಲಸ. ನೆಲಕ್ಕೆ ಬಿದ್ದ ಪಟ್ಟಿಯನ್ನು, ಅದೆಷ್ಟೇ ಚೆನ್ನಾಗಿ ಕಂಡರೂ, ಕಸಕ್ಕೆ ಹಾಕಬೇಕು.

ನಿನ್ನೆ ಒಂದು ಪಟ್ಟಿ ಅವಳ ಕೈ ಜಾರಿ ಹಾಸುಗಲ್ಲಿನ ಮೇಲೆ ಟಿಣ್ ಎಂದಿತ್ತು. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಅವನು ಹತ್ತು ಕೇಳಿದ್ದ. ಒಂಬತ್ತು ಎನ್ನಲು ನಾಲಿಗೆ ಏಳದೆ ಉಳಿದವುಗಳ ಜೊತೆ ಸೇರಿಸಿಬಿಟ್ಟಿದ್ದಳು. ಈಗ ಅದು ಯಾವುದೆಂದು ಅವಳಿಗೂ ತಿಳಿಯದು.

ಅವಳು ಚಹಾದ ಲೋಟ ಕೆಳಗಿಟ್ಟಳು. ಗೋಡೆಯಾಚೆ ಯಾರೋ ನಕ್ಕರು. ಬ್ಲಾಝೇಯನ ಕಣ್ಣುಗಳು ನೆನಪಾದವು, ನಗುವಾಗ ಬಲಗಣ್ಣು ಸ್ವಲ್ಪ ಹೆಚ್ಚೇ ಕಿರಿದಾಗುವುದು. ಒಟೀಲಿಯಾ ಚಪ್ಪಲಿಯಲ್ಲೇ ಓಡಿದಳು.

ಸಭಾಂಗಣದಲ್ಲಿ ಬ್ಲಾಝೇಯನ ಎರಡು ಹೆಬ್ಬೆರಳುಗಳ ನಡುವೆ ಪಟ್ಟಿ ಆಗಲೇ ಬಾಗತೊಡಗಿತ್ತು, ಮುಖದಿಂದ ಒಂದು ಗೇಣು ದೂರದಲ್ಲಿ. ಕೂಗಿದರೆ ಅವನು ಬೆಚ್ಚಿಬೀಳುತ್ತಾನೆ. ಹತ್ತಿರ ಹೋಗಿ ಮೆಲ್ಲಗೆ, "ಕೆಳಗಿಡಿ," ಎಂದಳು.

ಅವನು ಇಟ್ಟ. ಯಾಕೆಂದು ಕೇಳಲಿಲ್ಲ.

ಆಮೇಲೆ ಅಷ್ಟು ಜನರೆದುರು ಅವಳು ಎಲ್ಲವನ್ನೂ ಹೇಳಿದಳು. ಪ್ರೊಫೆಸರ್ ಹುಡಾಕರ ಕಿವಿ ಕೆಂಪಾದವು. "ನಾಳೆ ನನ್ನ ಕೋಣೆಗೆ ಬನ್ನಿ," ಎಂದಷ್ಟೇ ಹೇಳಿದರು. ಹತ್ತು ಪಟ್ಟಿಗಳೂ ಒಂದೊಂದಾಗಿ ಯಂತ್ರಕ್ಕೆ ಹೋದವು. ಆರು ಬಿಲ್ಲಿನಂತೆ ಬಾಗಿ ನೆಟ್ಟಗಾದವು. ಏಳನೆಯದು ಸಿಡಿಯಿತು. ಚೂರು ಬಡಿದಲ್ಲಿ ಯಂತ್ರದ ಕವಚದ ಮೇಲೆ ಬಿಳಿಯ ಚುಕ್ಕೆ ಮೂಡಿತು. ಉಳಿದ ಮೂರೂ ಬಾಗಿದವು.

ಅತಿಥಿಗಳು ಹೋದ ಮೇಲೆ ಬ್ಲಾಝೇಯ್ ಆ ಚುಕ್ಕೆಯನ್ನು ಬೆರಳಲ್ಲಿ ಸವರಿದ. "ನಿನ್ನೆಯೇ ಯಾಕೆ ಹೇಳಲಿಲ್ಲ?"

"ನೀವು ನನ್ನ ಕೈ ನಂಬೋದು ಬಿಟ್ಟುಬಿಡ್ತೀರಿ ಅಂತ."

"ಪ್ರತಿಸಲ ಬಾಗಿಸೋವಾಗಲೂ ನಂಗೆ ಪ್ರಾಣ ಹೋದ ಹಾಗಾಗುತ್ತೆ, ಒಟೀಲಿಯಾ. ಅಂಚು ನಿಮ್ಮದು ಅಂತ ನೆನೆಸ್ಕೊಂಡು ಧೈರ್ಯ ತಂದ್ಕೊಳ್ತೀನಿ. ಬಿದ್ದದ್ದನ್ನ ಬಿತ್ತು ಅಂತ ಹೇಳೋವರು ನೀವು ಅಂತ ಇವತ್ತು ಗೊತ್ತಾಯ್ತಲ್ಲ, ಇನ್ನೇನು ಬೇಕು?"

ಅವನು ಮುಖದ ಕವಚವೊಂದನ್ನು ಅವಳ ತಲೆಗೆ ತೊಡಿಸಿ, ಅದರಡಿ ಸಿಕ್ಕಿದ ಕೂದಲನ್ನು ಮೆಲ್ಲಗೆ ಬಿಡಿಸಿದ. ತಾನೂ ಒಂದು ಹಾಕಿಕೊಂಡು, ಬಾಗಿ ನೆಟ್ಟಗಾಗಿದ್ದ ಪಟ್ಟಿಯೊಂದನ್ನು ಚಾಚಿದ. "ಆ ತುದಿ ಹಿಡ್ಕೊ."

ಆರು ವರ್ಷ ಉಜ್ಜಿದವಳು ಒಂದನ್ನೂ ಬಾಗಿಸಿರಲಿಲ್ಲ. ಪಟ್ಟಿ ಬಾಗಬೇಕಾದರೆ ತುದಿಗಳು ಹತ್ತಿರ ಬರಬೇಕು. ಇಬ್ಬರೂ ಒಂದೊಂದು ಹೆಜ್ಜೆ ಮುಂದಿಟ್ಟರು.

"ಭಾನುವಾರ ಊಟಕ್ಕೆ ಬರ್ತೀಯಾ? ಅಮ್ಮ ರೊಟ್ಟಿ ಕಳಿಸಿ ಕಳಿಸಿ ಸೋತಿದ್ದಾರೆ."

"ಬರ್ತೀನಿ. ಈಗ ಮಾತಾಡ್ಬೇಡ, ಕೈ ಅಲುಗುತ್ತೆ."

ಅವಳು ಕಣ್ಣು ಮುಚ್ಚಲಿಲ್ಲ. ಅವರ ಬೆರಳುಗಳು ತಾಗುವಷ್ಟು ಹತ್ತಿರ ಬಂದರೂ ಪಟ್ಟಿ ಮುರಿಯಲಿಲ್ಲ.