ಶಾರದೆಯ ಕಣ್ಣು ಒರೆಸಿದವರು ಯಾರು?

"ಯವ್ವಾ! ತಾಯೀ ಕಣ್ಣ ಇಲ್ರೀ! ಯಾರೋ ಕಣ್ಣ ಕಿತ್ತಾರ!"

ಕಸ ಗುಡಿಸಲು ಬಂದಿದ್ದ ಶರಣಬಸಮ್ಮನ ಕೂಗಿಗೆ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಎದ್ದು ಬಂದರು. ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಮುಂಬೈ ಬಳಿಯ ಡೊಂಬಿವಲಿಯ ಹೊಂಬೆಳಕು ಕನ್ನಡ ಬಳಗದ ಸಭಾಂಗಣ. ಸಂಜೆ ಐದಕ್ಕೆ ಅಲ್ಲಿ ಭಾರತದ ಚಿತ್ರಕಲೆಯ ಚರಿತ್ರೆ ಹೇಳುವ ಪ್ರದರ್ಶನ ಶುರುವಾಗಬೇಕಿತ್ತು. ಗೋಡೆಯ ತುಂಬ ಹೆಸರಾಂತ ಚಿತ್ರಗಳ ಪ್ರತಿಗಳು. ಅಜಂತಾದ ಗುಹೆಯ ಚಿತ್ರ, ಮೊಗಲರ ಕಾಲದ ಪುಟ್ಟ ಚಿತ್ರ, ಬಂಗಾಳದವರ ತೆಳುಬಣ್ಣದ ಚಿತ್ರ. ಸಾಲಿನ ಕೊನೆಯಲ್ಲಿ ಒಂದೇ ಒಂದು ಅಸಲಿ ಚಿತ್ರ. ಎಪ್ಪತ್ತನಾಲ್ಕು ವರ್ಷದ ಅಶ್ವತ್ಥನಾರಾಯಣರು ಮೈಸೂರು ಶೈಲಿಯಲ್ಲಿ ಬರೆದ ಶಾರದೆ.

ಆ ಶಾರದೆಯ ಮುಖದಲ್ಲಿ ಕಣ್ಣಿರಬೇಕಾದ ಜಾಗ ಬರಿದಾಗಿತ್ತು.

ಬಳಗದ ಕಾರ್ಯದರ್ಶಿ ವಸಂತಕುಮಾರ ಲುಂಗಿಯಲ್ಲೇ ಓಡಿ ಬಂದ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಕಷ್ಟ ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಪೊಲೀಸರಿಗೆ ಫೋನ್ ಮಾಡಲೋ, ಜಯಲತಾ ಮೇಡಂಗೆ ಮಾಡಲೋ ಎಂದು ಒಂದು ನಿಮಿಷ ಒದ್ದಾಡಿ ಮೇಡಂಗೇ ಮಾಡಿದ.

ಜಯಲತಾ ಇಪ್ಪತ್ತೆಂಟು ವರ್ಷ ಲೋಕಲ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಊರು ಉಡುಪಿ. ಸೊಸೈಟಿಯಲ್ಲಿ ಕಳೆದುಹೋದ ಬೆಕ್ಕಿನಿಂದ ಹಿಡಿದು ಕಳುವಾದ ಸ್ಕೂಟರಿನವರೆಗೆ ಎಲ್ಲವನ್ನೂ ಪತ್ತೆ ಮಾಡಿದ ಕೀರ್ತಿ ಅವರದು. ಹತ್ತೇ ನಿಮಿಷದಲ್ಲಿ ಬಂದರು. ಚಿತ್ರದ ಮುಂದೆ ನಿಂತು ಮೊದಲು ಚಪ್ಪಲಿ ಬಿಟ್ಟರು. ಅವರ ಅಡುಗೆಮನೆಯ ಗೋಡೆಯಲ್ಲಿ ಅಶ್ವತ್ಥನಾರಾಯಣರೇ ಬರೆದ ಲಕ್ಷ್ಮಿಯ ಹಳೇ ಕ್ಯಾಲೆಂಡರೊಂದಿತ್ತು. ಅದರ ಕಣ್ಣು ನೋಡದೆ ಅವರು ಒಂದು ದಿನವೂ ಡ್ಯೂಟಿಗೆ ಹೋದವರಲ್ಲ.

"ಮಧ್ಯಾಹ್ನದ ತನಕ ಪೊಲೀಸು ಬೇಡ ಮಾರಾಯ್ರೆ. ನೋಡುವ," ಎಂದರು.

*

ಜಯಲತಾ ಕನ್ನಡಕ ಏರಿಸಿ ಬಗ್ಗಿದರು. ಚಿನ್ನದ ರೇಕು ಮುಟ್ಟಿರಲಿಲ್ಲ. ಹರಳು ಹರಳಾಗಿ ಉಬ್ಬಿಸಿದ ಒಡವೆ ಹಾಗೇ ಇತ್ತು. ಒಂದು ಗೀರೂ ಇಲ್ಲ. ಎರಡು ಕಣ್ಣನ್ನು ಮಾತ್ರ ಒದ್ದೆ ಹತ್ತಿಯಿಂದ, ಕೂಸಿನ ಮುಖ ಒರೆಸಿದಷ್ಟು ನಯವಾಗಿ ಒರೆಸಿದ್ದರು. ಕೆಳಗಿನ ಬಿಳಿ ಪದರ ಚೂರೂ ಕದಡಿರಲಿಲ್ಲ. ಗಾಜಿನ ಚೌಕಟ್ಟು ಬಿಚ್ಚಿ ಮತ್ತೆ ತುಸು ಓರೆಯಾಗಿ ಕೂರಿಸಿದ್ದರು.

"ನೀವು ಬಂದಾಗ ಹೀಗೇ ಇತ್ತಾ ಶರಣಬಸಮ್ಮ?"

"ಇಲ್ರೀ ಬಾಯಾರ. ಮ್ಯಾಲ ಬಿಳಿ ಅರಿವಿ ಹೊಚ್ಚಿದ್ರು. ಧೂಳ ಒರಸೂಣಂತ ತಗದೆ. ನೋಡ್ತೀನಿ, ಕಣ್ಣ ಇಲ್ಲ!"

ಬಟ್ಟೆ ಮಗ್ಗುಲಲ್ಲೇ ಇತ್ತು. ಒಗೆದು ಮಡಿಸಿಟ್ಟಿದ್ದ ಹಳೆಯ ಪಂಚೆಯ ತುಂಡು. ಜಯಲತಾ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಹಾಳು ಮಾಡಲು ಬಂದವನು ಹೊದಿಸಿ ಹೋಗುತ್ತಾನೆಯೇ?

ಚಿತ್ರದ ಬಲತುದಿಯಲ್ಲಿ ಪುಟ್ಟ ಸಹಿ: ಅಶ್ವತ್ಥ. ಮೂಲೆಗೆ ಒತ್ತಿ ಬರೆದಿತ್ತು. ಅದರ ಎಡಕ್ಕೆ ಎರಡು ಬೆರಳಗಲ ಜಾಗ ಖಾಲಿ. ಸುತ್ತ ಎಲ್ಲ ಕಡೆ ಬಳ್ಳಿ ಹಬ್ಬಿಸಿದವರು ಅಲ್ಲಿ ಮಾತ್ರ ಒಂದು ಎಲೆಯನ್ನೂ ಬರೆದಿರಲಿಲ್ಲ.

"ನಿನ್ನೆ ಚಿತ್ರ ತೂಗುಹಾಕಿದ ಮೇಲೆ ಇಲ್ಲಿಗೆ ಯಾರು ಬಂದಿದ್ರು?"

"ಆ ಕಶ್ಯಪ ಒಬ್ಬ್ನೇ ಮೇಡಂ," ಎಂದ ವಸಂತಕುಮಾರ. "ಥಾಣೆಯಲ್ಲಿ ಚಿತ್ರ ಮಾರೋ ಅಂಗಡಿ ಇಟ್ಟಿದಾನಲ್ಲ, ಅವ್ನು. ಶಾರದೇನ ಕೊಡಿ ಅಂತ ಆರು ತಿಂಗ್ಳಿಂದ ಅಶ್ವತ್ಥನಾರಾಯಣ ಯಜಮಾನ್ರ ಪ್ರಾಣ ತಿಂತಿದಾನೆ. ಕೊಡಲ್ಲ ಅಂದ್ರು. ಅದೇ ಹೊಟ್ಟೆಕಿಚ್ಚು. ಅವ್ನದೇ ಕೆಲ್ಸ!"

ಜಯಲತಾ ಕಶ್ಯಪನಿಗೆ ಫೋನ್ ಮಾಡಿದರು. ಅವನು ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ವಿಷಯ ಕೇಳಿ ಕೂಗಿಯೇಬಿಟ್ಟ.

"ಕಣ್ಣು ಒರೆಸಿದ್ರಾ? ಮೇಡಂ, ಆ ಚಿತ್ರದಲ್ಲಿ ನಂಗೆ ಬೇಕಾಗಿದ್ದೇ ಆ ಕಣ್ಣು! ಚಿನ್ನದ ಕೆಲ್ಸ ಯಾರಾದ್ರೂ ಮಾಡ್ತಾರೆ. ಆ ಕಣ್ಣು ಇನ್ಯಾರಿಗೂ ಬರಲ್ಲ."

ಜಯಲತಾ ಫೋನ್ ಇಟ್ಟು, "ಇವ ಅಲ್ಲ. ತಿನ್ಲಿಕ್ಕೆ ಆಸೆಪಟ್ಟವ ಅನ್ನಕ್ಕೆ ಮಣ್ಣು ಹಾಕುದಿಲ್ಲ," ಎಂದರು.

*

ಹನ್ನೊಂದಕ್ಕೆ ಅಪೇಕ್ಷಾ ಬಂದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕಲೆಯ ಚರಿತ್ರೆ ಓದಿದವಳು. ಪ್ರದರ್ಶನ ಜೋಡಿಸಿದ್ದೂ ಅವಳೇ. ಅದರ ಜೊತೆಗೆ ಬರುವ ಪುಸ್ತಕ ಬರೆದದ್ದೂ ಅವಳೇ. ಅದು ಮರುದಿನ ಅಚ್ಚಿಗೆ ಹೋಗಬೇಕು.

"ಆಂಟಿ, ಅಶ್ವತ್ಥ ಅಜ್ಜನ್ನ ಹೆಂಗೆ ಫೇಸ್ ಮಾಡ್ಲಿ? ಪೂರಾ ಲಾಸ್ಟ್ ಚಾಪ್ಟರ್ ಅವ್ರು ಬರೆಯೋ ಕಣ್ಣಿನ ಮೇಲೇ ಹೈ." ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಪುಸ್ತಕದ ಕರಡಿನಲ್ಲಿ ಅಶ್ವತ್ಥನಾರಾಯಣರ ಮನೆತನದ ಚಿತ್ರಗಳನ್ನು ವರ್ಷದ ಪ್ರಕಾರ ಜೋಡಿಸಿದ್ದಳು. ಜಯಲತಾ ಪಾಸು ತಪಾಸಣೆ ಮಾಡುವವರ ಹಾಗೆ ಒಂದೊಂದರ ತಾರೀಕು ನೋಡಿದರು, ಮುಖ ನೋಡಿದರು. ಯೌವನದಲ್ಲಿ ಬರೆದ ಕಮಲದ ಗೆರೆ ಒಂದೇ ಉಸಿರಿನದು. ಈಚಿನ ಕಮಲದ ಎಸಳು ನಡುಗುತ್ತಿತ್ತು. ಕಣ್ಣು ಮಾತ್ರ ಎಲ್ಲದರಲ್ಲೂ ಒಂದೇ. ಅದಕ್ಕೆ ವಯಸ್ಸೇ ಆಗಿರಲಿಲ್ಲ.

"ಇವರ ಕೈ ನಡುಗ್ಲಿಕ್ಕೆ ಶುರುವಾಗಿ ಎಷ್ಟು ವರ್ಷ ಆಯ್ತು?"

"ನಾಲ್ಕು ವರ್ಷ, ಆಂಟಿ. ಚಹಾದ ಕಪ್ ಭೀ ಚೆಲ್ಲದೆ ಹಿಡೀಲಿಕ್ಕೆ ಆಗೂದಿಲ್ಲ."

"ಶಾರದೆ ಬರೆದದ್ದು?"

"ಹೋದ ವಿಜಯದಶಮಿ."

ಜಯಲತಾ ಪುಟಗಳನ್ನು ಹಿಂದಕ್ಕೆ ತಿರುವಿದರು. ಎಲ್ಲಕ್ಕಿಂತ ಮೊದಲಿನದು, ಸಾವಿರದ ಒಂಬೈನೂರ ಅರವತ್ತಮೂರರ ರಾಮಪಟ್ಟಾಭಿಷೇಕ. ಅಶ್ವತ್ಥನಾರಾಯಣರ ತಂದೆಯ ಕೊನೆಯ ಚಿತ್ರ. ದೃಷ್ಟಿ ಮಂದವಾದ ಮೇಲೆ ಬರೆದದ್ದು ಎಂದು ಅಪೇಕ್ಷಾ ಹೆಮ್ಮೆಯಿಂದ ಟಿಪ್ಪಣಿ ಹಾಕಿದ್ದಳು. ರಾಮನ ಮುಖದಲ್ಲಿ ಅವೇ ಕಣ್ಣು. ಆಗ ಅಶ್ವತ್ಥನಾರಾಯಣರಿಗೆ ಹನ್ನೆರಡು ವರ್ಷ.

ಜಯಲತಾ ಕರಡು ಮುಚ್ಚಿದರು. ಆಮೇಲೆ ವಸಂತಕುಮಾರನ ಕಡೆ ತಿರುಗಿ, "ನಿನ್ನೆ ಕಶ್ಯಪ ಹೋದ ಮೇಲೆ ಯಜಮಾನ್ರು ಬಂದಿದ್ರಾ?" ಎಂದು ಕೇಳಿದರು.

"ಅವ್ರಾ? ಐದೂವರೆಗೆ ಬಂದಿದ್ರು. ಫಿಲ್ಟರ್ ಕಾಫಿ ಬೇಕು ಅಂದ್ರು. ನಾನೇ ಹೋಟೆಲಿಂದ ತಂದ್ಕೊಟ್ಟೆ. ಇಪ್ಪತ್ತು ನಿಮಿಷ ಆಯ್ತು, ಕ್ಯೂ ಇತ್ತು."

"ಮತ್ತೆ ಕಶ್ಯಪ ಒಬ್ಬನೇ ಅಂದ್ರಿ?"

"ಅಯ್ಯೋ ಮೇಡಂ, ಅವ್ರದೇ ಚಿತ್ರ ಅಲ್ವಾ? ಅವ್ರನ್ನ ಬಂದವ್ರ ಲೆಕ್ಕಕ್ಕೆ ಯಾರಾದ್ರೂ ಸೇರಿಸ್ತಾರಾ?"

"ಸರಿ. ರೈಲಲ್ಲಿ ಎಷ್ಟು ಜನ ಅಂದ್ರೆ ಡ್ರೈವರನ್ನು ಯಾರೂ ಎಣಿಸುದಿಲ್ಲ," ಎಂದರು ಜಯಲತಾ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

*

ಎರಡನೇ ಮಹಡಿಯ ಪುಟ್ಟ ಫ್ಲ್ಯಾಟು. ಬಾಗಿಲು ತೆರೆದವರು ಅಶ್ವತ್ಥನಾರಾಯಣರ ಅಕ್ಕ ವೇದಾ. ಎಂಬತ್ತೊಂದು ವರ್ಷ, ಬಗ್ಗಿದ ಬೆನ್ನು. ಜಯಲತಾ ಮತ್ತು ಅಪೇಕ್ಷಾರನ್ನು ಕೂರಿಸಿ ನಾಲ್ಕು ಲೋಟ ಕಾಫಿ ತಂದರು. ತುಂಬಿದ ಲೋಟದಿಂದ ಒಂದು ಹನಿಯೂ ತಟ್ಟೆಗೆ ಚೆಲ್ಲಲಿಲ್ಲ. ತಮ್ಮನ ಕೈಗೆ ಹೋದ ಲೋಟ ಗಡಗಡ ಸದ್ದು ಮಾಡಿತು.

"ಯಜಮಾನ್ರೆ, ಕಣ್ಣು ತೆರೆಯದ ಚಿತ್ರವನ್ನು ನಿಮ್ಮ ಮನೆತನದಲ್ಲಿ ಎಂತ ಮಾಡ್ತಾರೆ?"

"ಮಡಿಬಟ್ಟೆ ಹೊದಿಸ್ತೀವಿ ತಾಯಿ. ಕಣ್ಣು ಬರೆಯೋದು ಎಲ್ಲಕ್ಕಿಂತ ಕೊನೇಲಿ. ಅಲ್ಲೀವರೆಗೂ ಯಾರೂ ನೋಡಬಾರದು."

"ಅದಕ್ಕೇ ಪಂಚೆ ಹೊದಿಸಿ ಬಂದ್ರಿ."

ಅಶ್ವತ್ಥನಾರಾಯಣರು ತಲೆ ತಗ್ಗಿಸಿದರು. ವೇದಾ ತಮ್ಮನನ್ನು ದಿಟ್ಟಿಸಿದರು. "ಏನೋ ಮಾಡಿದೆ ನೀನು?"

ಜಯಲತಾ ಮೆತ್ತಗೆ ಹೇಳಿದರು. "ಶಾರದೆಯ ಕಣ್ಣು ಒರೆಸಿದ್ದಾರೆ ಅಮ್ಮ. ಗೋಂದಿನ ಬಣ್ಣ ನೀರಿಗೆ ಬಿಡ್ತದೆ, ಅಡಿಯ ಬಿಳಿ ಉಳಿದ್ರೆ ಮತ್ತೆ ಬರೀಬಹುದು. ಅದು ಗೊತ್ತಿದ್ದವರದೇ ಕೆಲಸ. ಆದ್ರೆ ಆ ಕಣ್ಣು ಅವರು ಬರೆದದ್ದೇ ಅಲ್ಲ. ನಾಲ್ಕು ವರ್ಷದಿಂದ ನಡುಗುವ ಕೈಗೆ ಅದು ಸಾಧ್ಯವೇ ಇಲ್ಲ. ಅಪ್ಪನ ಪಟ್ಟಾಭಿಷೇಕದ ಚಿತ್ರದಲ್ಲಿ ರಾಮನ ಕಣ್ಣನ್ನು ಆಗ ಹನ್ನೆರಡು ವರ್ಷದ ಇವರು ಬರೆದಿರ್ಲಿಕ್ಕಿಲ್ಲ. ಕಣ್ಣು ಕಾಣದ ಅಪ್ಪನೂ ಬರೆದಿರ್ಲಿಕ್ಕಿಲ್ಲ. ಇವರನ್ನು ಬಿಟ್ರೆ ಅಪ್ಪನ ಮನೆಯಲ್ಲೂ ಈ ಮನೆಯಲ್ಲೂ ಇದ್ದವರು ನೀವೊಬ್ಬರೇ."

ಅಪೇಕ್ಷಾ ಲೋಟ ಕೆಳಗಿಟ್ಟಳು.

ವೇದಾ ಸೆರಗಿನಿಂದ ಕೈ ಒರೆಸಿಕೊಂಡರು. "ಹದಿನೆಂಟಕ್ಕೆ ಗಂಡ ಹೋದ. ತವರಿಗೆ ಬಂದೆ. ಮರುವರ್ಷ ಅಪ್ಪನಿಗೆ ಕಣ್ಣು ಮಂಜಾಯ್ತು, ಕುಂಚ ನನ್ನ ಕೈಗೆ ಕೊಟ್ರು. ಆದ್ರೆ ದೇವರ ಕಣ್ಣು ತೆರೆಯೋದು ಮುಂಡೆ ಕೈಯಲ್ಲಿ ಅಂತ ಗೊತ್ತಾದ್ರೆ ಯಾರಮ್ಮ ಕೊಳ್ತಾರೆ? ಇವನ ಹತ್ರ ಅಮ್ಮನ ಆಣೆ ಹಾಕಿಸ್ಕೊಂಡೆ. ಬಾಯಿ ಬಿಡಬಾರದು ಅಂತ."

"ಬಿಡಲಿಲ್ಲ ಅಕ್ಕಾ. ಒಂದು ಮಾತೂ ಆಡಿಲ್ಲ," ಎಂದರು ತಮ್ಮ. ಮಗುವಿನ ಹಾಗೆ ಅಳುತ್ತಿದ್ದರು. "ಈ ಹುಡುಗಿ ನನ್ನನ್ನ ಕಣ್ಣಿನ ಚಿತ್ರಕಾರ ಅಂತ ಪುಸ್ತಕದಲ್ಲಿ ಬರೆದಳು. ಅಜಂತಾ ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ ಅಂತಲೂ ಬರೆದಳು. ಆ ಕರಡು ಓದಿ ಮೂರು ದಿನ ಊಟ ಸೇರಲಿಲ್ಲ. ಕಣ್ಣು ಒರೆಸಿದ್ರೆ ಮತ್ತೆ ಬರೀಬೇಕಾಗತ್ತೆ. ಎಲ್ಲರ ಮುಂದೆ. ನನ್ನ ಕೈಲಿ ಆಗಲ್ಲ. ಆಗ..."

"ಹುಚ್ಚಪ್ಪ! ಮನೆಮನೆಯಲ್ಲಿ ಪೂಜೆ ಮಾಡ್ತಿದಾರೆ ಕಣೋ. ಅವರ ಮನಸ್ಸು ಏನಾಗಬೇಕು?"

ಇಲ್ಲಿಯವರೆಗೆ ಪತ್ತೇದಾರಿಕೆ ಮಾಡುತ್ತಿದ್ದ ಜಯಲತಾ ಕನ್ನಡಕ ತೆಗೆದಿಟ್ಟರು. "ನಾನು ಹೇಳ್ತೇನೆ ಅಮ್ಮ. ನಂಗೆ ಮೂವತ್ತೆರಡಾಗುವಾಗ ನನ್ನ ಗಂಡ ತೀರಿಹೋದ್ರು. ಅವರ ರೈಲ್ವೆ ಕೆಲಸ ನಂಗೆ ಸಿಕ್ತು. ಬೆಳಿಗ್ಗೆ ಎದುರು ಬಂದ್ರೆ ಅಕ್ಕಪಕ್ಕದವರು ಬಾಗಿಲು ಹಾಕ್ತಿದ್ರು. ಅಡುಗೆಮನೆಯ ಲಕ್ಷ್ಮಿ ಒಬ್ಬಳೇ ನನ್ನ ಮುಖ ನೋಡ್ತಿದ್ದದ್ದು. ಇವಳಿಗೆ ಮಾತ್ರ ನನ್ನ ಕಷ್ಟ ಹೇಗೆ ಗೊತ್ತುಂಟು ಅಂತ ಎಷ್ಟು ಸಲ ಎಣಿಸಿದ್ದೇನೆ. ಇವತ್ತು ಗೊತ್ತಾಯ್ತು."

ವೇದಾ ಕೈ ಚಾಚಿ ಜಯಲತಾರ ಕೈ ಹಿಡಿದರು. ಕಾಫಿ ಆರಿಹೋಯಿತು.

*

ಸಂಜೆ ಐದಕ್ಕೆ ಸಭಾಂಗಣ ತುಂಬಿತ್ತು. ಅಶ್ವತ್ಥನಾರಾಯಣರು ಎದ್ದು ನಿಂತು, "ಕಣ್ಣು ಒರೆಸಿದ್ದು ನಾನೇ. ಬರೆದವರು ಈಗ ಬರ್ತಾರೆ," ಎಂದಷ್ಟೇ ಹೇಳಿ ಕೂತರು. ಮಿಕ್ಕಿದ್ದನ್ನು ಜಯಲತಾ ಹೇಳಿದರು. ಎರಡನೇ ಸಾಲಿನಲ್ಲಿ ಗುಸುಗುಸು ಎದ್ದಿತು. ಗಂಡ ಹೆಂಡತಿ ಇಬ್ಬರು ಎದ್ದು ಹೊರಗೂ ಹೋದರು. ಶರಣಬಸಮ್ಮ ಮಾತ್ರ ಯಾರೂ ಹೇಳದೆಯೇ ಮುಂದೆ ಬಂದು ಬಣ್ಣದ ಬಟ್ಟಲು ಹಿಡಿದುಕೊಂಡು ನಿಂತಳು.

ವೇದಾ ಮಿಂದು ಬಿಳಿ ಸೀರೆ ಉಟ್ಟು ಬಂದಿದ್ದರು. ಕುಂಚ ಹಿಡಿದಾಗ ಬಗ್ಗಿದ ಬೆನ್ನು ತುಸು ನೆಟ್ಟಗಾಯಿತು. ಮೊದಲು ರೆಪ್ಪೆ, ಆಮೇಲೆ ಕಪ್ಪು, ಕೊನೆಗೆ ಒಂದು ಬಿಳಿ ಚುಕ್ಕಿ. ಶಾರದೆ ಎಲ್ಲರನ್ನೂ ನೋಡಿದಳು. ಥಾಣೆಯಿಂದ ಬಂದಿದ್ದ ಕಶ್ಯಪ ಎಲ್ಲರಿಗಿಂತ ಮೊದಲು ಕೈ ಮುಗಿದ.

ಅಪೇಕ್ಷಾ ಕರಡಿನ ಕೊನೆಯ ಅಧ್ಯಾಯದ ತಲೆಬರಹ ಹೊಡೆದುಹಾಕಿ, ಅಲ್ಲೇ ನೆಲದ ಮೇಲೆ ಕೂತು ಹೊಸದಾಗಿ ಬರೆಯತೊಡಗಿದ್ದಳು. ತಲೆಯೆತ್ತಿ, "ಅಜ್ಜೀ, ಸಹಿ ಹಾಕ್ರೀ," ಎಂದಳು.

ವೇದಾ ಗಾಬರಿಯಾದರು. ಅರವತ್ತು ವರ್ಷದಲ್ಲಿ ಒಮ್ಮೆಯೂ ಹಾಕಿದವರಲ್ಲ. "ಎಲ್ಲಿ ಹಾಕ್ತಾರೆ ಅಂತಲೂ ಗೊತ್ತಿಲ್ಲವಲ್ಲೋ. ಜಾಗ ಎಲ್ಲಿದೆ?"

ಅಶ್ವತ್ಥನಾರಾಯಣರು ನಡುಗುವ ಬೆರಳಿನಿಂದ ಚಿತ್ರದ ಮೂಲೆ ತೋರಿಸಿದರು. ತಮ್ಮ ಸಹಿಯ ಎಡಕ್ಕೆ, ಎಲೆ ಬಳ್ಳಿ ಒಂದೂ ಇಲ್ಲದೆ ಬಿಟ್ಟಿದ್ದ ಆ ಎರಡು ಬೆರಳಗಲದ ಜಾಗ.

"ಎಲ್ಲಾ ಚಿತ್ರದಲ್ಲೂ ಬಿಟ್ಟಿದೀನಿ ಅಕ್ಕಾ," ಎಂದರು. "ನಿನ್ನದು ಎರಡೇ ಅಕ್ಷರ ತಾನೆ."